ಭಾರಕ್ಕೆ ಕುಳಿತವರು

ನನ್ನ ತಂಗಿಯ ಕಾರಿನಲ್ಲಿ ನಾನು ಎಷ್ಟು ಸಲ ಕುಳಿತಿದ್ದೇನೋ ನೆನಪಿಲ್ಲ. ಆದರೆ ಆ ಕಾರು ನನ್ನನ್ನು ಕೂರಿಸಿಕೊಂಡು ಒಂದು ಗೇಣೂ ಮುಂದೆ ಹೋಗಲಿಲ್ಲ. ಬಾಗಲಕೋಟೆಯ ನಮ್ಮ ಗ್ಯಾರೇಜಿನ ಅಂಗಳದಲ್ಲಿ, ಗಾಲಿಗೆ ಕಲ್ಲು ಕೊಟ್ಟು ನಿಲ್ಲಿಸಿದ ಕಾರಿನ ಹಿಂದಿನ ಸೀಟಿನಲ್ಲಿ, ನಾನು ಮತ್ತು ನನ್ನ ತಂಗಿ ಅಲುಗಾಡದೆ ಕುಳಿತಿರುತ್ತಿದ್ದೆವು. ಹೊರಗೆ ನನ್ನ ಗಂಡ ನೂಲು ಹಿಡಿದು ಗಾಲಿಯ ಓರೆ ನೋಡುತ್ತಿದ್ದರು. ನಾವು ಅಲ್ಲಿ ಕುಳಿತದ್ದು ಭಾರಕ್ಕೆ. ನಮ್ಮ ಬದಲು ಜೋಳದ ಚೀಲ ಇಟ್ಟಿದ್ದರೂ ನಡೆಯುತ್ತಿತ್ತು.

ನನ್ನ ಮದುವೆಯ ಹೊತ್ತಿನಲ್ಲಿ ಹೊಟ್ಟೆ ಉರಿದುಕೊಂಡವರು ಬೇರೆಯವರು. ತವರೂರು ಹುನಗುಂದದ ನಮ್ಮ ಓಣಿಯಲ್ಲಿ ಸ್ವಂತ ಗ್ಯಾರೇಜಿದ್ದ ಗಂಡ ಸಿಕ್ಕವಳು ನಾನೊಬ್ಬಳೇ. ಕೆಲವು ವರ್ಷಗಳ ಮೇಲೆ ತಂಗಿಯನ್ನು ಇಳಕಲ್ಲಿಗೆ ಕೊಟ್ಟರು. ಅವಳ ಗಂಡ ಆಗ ಸೈಕಲ್ಲಿನ ಹಿಂದೆ ಸೀರೆಯ ಗಂಟು ಕಟ್ಟಿಕೊಂಡು ನೇಕಾರರ ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಸಂತೆಗೆ ತಿರುಗುತ್ತಿದ್ದ. "ಸಣ್ಣಾಕಿಗೆ ಸೈಕಲ್ ಗಂಡ ಸಿಕ್ಕ ನೋಡವಾ" ಎಂದು ಓಣಿಯ ಹೆಂಗಸರು ನಕ್ಕಾಗ ನಾನು "ಹಂಗ ಅನಬಾರದು" ಎಂದೆ. ಬಾಯಲ್ಲಿ ಅಂದದ್ದು ಅದು, ಒಳಗೆ ಹಾಯೆನಿಸಿತ್ತು. ತಂಗಿ ಎಂದರೆ ನನಗೆ ಜೀವ. ಆದರೂ ಅವಳು ನನಗಿಂತ ಒಂದು ಮೆಟ್ಟಿಲು ಕೆಳಗೇ ಇರಲಿ ಎಂದು ನನಗಿತ್ತು.

ಎಂಬತ್ತರ ದಶಕ ಕಾಲಿಡುವ ಹೊತ್ತಿಗೆ ಎಲ್ಲ ತಿರುವುಮುರುವಾಯಿತು. ಅವರ ಸೀರೆಗಳು ಸೊಲ್ಲಾಪುರ, ಪುಣೆಗೆ ಹೋಗತೊಡಗಿದವು. ಒಂದು ಬೆಳಿಗ್ಗೆ ತಂಗಿಯ ಗಂಡ ಪುಣೆಯಿಂದ ಕೆನೆ ಬಣ್ಣದ ಕಾರೊಂದನ್ನು ಕೊಂಡು ತಂದ. ಹಳೆಯದೇ, ಆದರೆ ಹೊಸ ಬಣ್ಣ ಹೊಡೆಸಿ, ಸೀಟು ಹೊಲಿಸಿ, ಮೇಲೆ ಪ್ಲಾಸ್ಟಿಕ್ ಹೊದಿಕೆ ಹಾಕಿಸಿದ್ದ. ಇಳಕಲ್ಲಿಗೆ ಹೋಗುವ ಮೊದಲು ನಮ್ಮ ಮನೆ ಮುಂದೆ ತಂದು ನಿಲ್ಲಿಸಿದ. ನಾನು ಅಂಗಳ ಸಾರಿಸುತ್ತಿದ್ದೆ. ಸಗಣಿ ಕೈಯಲ್ಲೇ ನಿಂತು ನೋಡಿದೆ. ನೋಡುತ್ತಿದ್ದಂತೆ ನನ್ನ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಸುಳ್ಳು ಯಾಕೆ ಹೇಳಲಿ.

ಆ ಕಾರು ಬೇರೆ ಕಾರುಗಳ ಹಾಗೆ ಎತ್ತರಕ್ಕೆ ನಿಂತಿರಲಿಲ್ಲ, ನೆಲಕ್ಕೆ ಕುಕ್ಕರಿಸಿತ್ತು. ಪುಣೆಯ ಷೋಕಿಯ ಹುಡುಗರು ಹಾಗೆ ಮಾಡಿಸುತ್ತಿದ್ದರಂತೆ. ಮುಂದಿನ ಸ್ಪ್ರಿಂಗಿನ ಸುರುಳಿ ಕತ್ತರಿಸಿ ಗಿಡ್ಡ ಮಾಡುವುದು, ಹಿಂದಿನ ಕಮಾನಿನಿಂದ ಪಟ್ಟಿ ತೆಗೆದುಬಿಡುವುದು. ನಮ್ಮವರು ಸುತ್ತ ಒಂದು ಸಲ ತಿರುಗಿ, ಬಗ್ಗಿ ನೋಡಿದರು.

"ಸಾವ್ಕಾರ್ರ, ಇದನ್ನ ಯಾಕ ನೆಲಕ್ಕ ಹಚ್ಚಿಸಿದ್ರಿ? ನಮ್ಮ ರಸ್ತಾಕ್ಕ ಇದು ತಡದೀತೇನು?"

"ಚಂದ ಕಾಣ್ತೈತಿ ಅಣ್ಣಾರ," ಎಂದು ಅವನು ನಕ್ಕ. "ಗಾಲಿ ಪಾಲಿ ನೋಡ್ಲಿಕ್ಕೆ ನೀವ್ ಇದ್ದೀರಲ್ಲ."

ನನ್ನ ಗಂಡ ಅವನಿಗಿಂತ ವಯಸ್ಸಿನಲ್ಲಿ ದೊಡ್ಡವರು, ಷಡ್ಡಕನೆಂಬ ನೆಂಟಸ್ತಿಕೆಯಲ್ಲೂ ದೊಡ್ಡವರು. ಅಂಥವರು ಸೈಕಲ್ಲಿನ ಹುಡುಗನಿಗೆ ಸಾವ್ಕಾರ್ರ ಎಂದರಲ್ಲ, ಅದು ನನ್ನನ್ನು ಕಾರಿಗಿಂತ ಹೆಚ್ಚು ಸುಟ್ಟಿತು. ಆ ಕಾರು ಹುನಗುಂದದ ರಸ್ತೆಯಲ್ಲಿ ಹೊಟ್ಟೆಗೆ ಕಲ್ಲು ಹೊಡೆಸಿಕೊಂಡು ನಿಲ್ಲಲಿ ಎಂದು ಮನಸ್ಸಿನಲ್ಲೇ ಹರಸಿ ಕಳಿಸಿದೆ.

ಕಾರು ನಿಲ್ಲಲಿಲ್ಲ, ಆದರೆ ಟೈರು ತಿನ್ನತೊಡಗಿತು. ಆಗ ಟೈರಿಗೆ ಕಾಯಬೇಕಿತ್ತು. ದುಡ್ಡಿದ್ದರೂ ಅಂಗಡಿಯವನು ಮುಂದಿನ ತಿಂಗಳು ಬಾ ಎನ್ನುತ್ತಿದ್ದ. ತಂಗಿಯ ಗಂಡ ಎರಡು ಟೈರುಗಳನ್ನು ತಂದು ನಮ್ಮ ಅಂಗಳದಲ್ಲಿ ಉರುಳಿಸಿದ. ಹೊರಗಿನಿಂದ ಹೊಸದರಂತಿದ್ದವು, ಒಳ ಅಂಚಿನಲ್ಲಿ ಮಾತ್ರ ನೂಲು ಕಾಣುವಷ್ಟು ಸವೆದಿದ್ದವು. ಸ್ಪ್ರಿಂಗು ಗಿಡ್ಡವಾದ ಕಾರಿನ ಮುಂದಿನ ಗಾಲಿಗಳು ನೆಟ್ಟಗೆ ನಿಲ್ಲುವುದಿಲ್ಲ, ತಲೆ ಒಳಕ್ಕೆ ವಾಲಿಸಿ ನಿಲ್ಲುತ್ತವೆ, ಹೀಗಾಗಿ ಒಳ ಅಂಚೊಂದೇ ನೆಲ ಹಿಡಿಯುತ್ತದೆ ಎಂದು ನಮ್ಮವರು ಹೇಳಿದರು. ಅದೂ ಅಲ್ಲದೆ, ಒಳಗೆ ಕೂತವರ ಭಾರಕ್ಕೆ ಅದು ಮತ್ತೆ ಬದಲಾಗುತ್ತದಂತೆ. ಎತ್ತರದ ಕಾರಾದರೆ ಈ ತಕರಾರಿಲ್ಲ. ಇದಕ್ಕೆ ಖಾಲಿ ನಿಲ್ಲಿಸಿ ಗಾಲಿ ಹೊಂದಿಸಿದರೆ ಉಪಯೋಗವಿಲ್ಲ.

"ಯಾರ‍್ಯಾರು ಕುಂಡ್ರತಾರೋ ಅವ್ರನ್ನ ಕರಕೊಂಡ ಬರ್ರಿ. ಕುಂಡ್ರಿಸೇ ಗಾಲಿ ಹೊಂದಸ್ತೇನಿ," ಎಂದರು.

ಹೀಗೆ ತಂಗಿ ಬರತೊಡಗಿದಳು. ಎರಡು ಮೂರು ತಿಂಗಳಿಗೊಮ್ಮೆ ಟೈರು ಒಳಗೆ ಸವೆಯುತ್ತಿತ್ತು, ಕಾರು ಬಾಗಲಕೋಟೆಗೆ ಬರುತ್ತಿತ್ತು. ಅವಳ ಅತ್ತೆಯೂ ಜೊತೆಗೆ ಬರುತ್ತಿದ್ದರು. ಆದರೆ ಅವರಿಗೆ ಊರಲ್ಲಿ ತಮ್ಮನ ಮನೆಯಿತ್ತು, ಅಲ್ಲಿ ಇಳಿದುಬಿಡುತ್ತಿದ್ದರು. ಗ್ಯಾರೇಜಿನ ಹೊಲಸಿಗೆ ಅವರೇಕೆ ಬಂದಾರು? ಮೊದಲ ಸಲ ನಮ್ಮವರು, "ತಂಗಿ, ನೀವ್ಯಾರ‍್ಯಾರು ಎಲ್ಲೆಲ್ಲಿ ಕುಂಡ್ರತೀರಿ ಹೇಳು" ಎಂದು ಕೇಳಿದಾಗ ಅವಳು ಒಂದು ಗಳಿಗೆ ಗಂಡನ ಕಡೆ ನೋಡಿದಳು. ಅವನು ಪೇಂಟಿನ ಮೇಲಿನ ಧೂಳು ಒರೆಸುತ್ತಿದ್ದ. "ಮುಂದ ಅವ್ರೊಬ್ಬರೇ ರಿ ಮಾಮಾ. ಹಿಂದ ಈ ಕಡೆ ನಾ, ಆ ಕಡೆ ನಮ್ಮತ್ತಿ," ಎಂದಳು.

ಅತ್ತೆಯ ಜಾಗಕ್ಕೆ ನಾನು ಕುಳಿತೆ. ಆ ಹೆಂಗಸು ತೂಕಸ್ತರು, ನಾನು ಒಣಕಲಿ. ಆದ್ದರಿಂದ ನನ್ನ ಕಾಲ ಬಳಿ ಅರ್ಧ ಚೀಲ ಜೋಳ ಇಟ್ಟರು. ಸ್ಟಿಯರಿಂಗಿನ ಮುಂದೆ ತಂಗಿಯ ಗಂಡ ಕುಳಿತ. ಹಿಂದೆ ಯಾರನ್ನು ಯಾಕೆ ಕೂರಿಸಿದ್ದಾರೆ ಎಂದು ಅವನು ತಿರುಗಿ ಕೇಳಲಿಲ್ಲ, ಗಾಲಿಯ ವಿಷಯವನ್ನೆಲ್ಲ ನಮ್ಮವರಿಗೇ ಬಿಟ್ಟಿದ್ದ. ನಮ್ಮವರು ಹಿಂದಿನ ಗಾಲಿಯಿಂದ ಮುಂದಿನ ಗಾಲಿಯವರೆಗೆ ನೂಲು ಬಿಗಿದು, ಉಕ್ಕಿನ ಪಟ್ಟಿಯಿಂದ ಸಂದು ಅಳೆದು, ಕೆಳಗೆ ತೂರಿ ರಾಡು ತಿರುಗಿಸಿ, ಮತ್ತೆ ಎದ್ದು ಅಳೆಯುತ್ತಿದ್ದರು. ಸುತಳಿ ಜೋಲುತ್ತದೆ ಎಂದು ಇಳಕಲ್ಲಿನ ಮಗ್ಗದ ಹಾಸಿನ ನೂಲನ್ನೇ ತರಿಸಿದ್ದರು. ಅವರು ಸಾಕು ಎನ್ನುವ ತನಕ ನಾವು ಮಗ್ಗುಲು ಬದಲಿಸುವಂತಿರಲಿಲ್ಲ.

ಆ ಹೊತ್ತಿನಲ್ಲೇ ತಂಗಿ ತನ್ನ ತಿರುಗಾಟ ಹೇಳುತ್ತಿದ್ದಳು. ಅಮಾವಾಸ್ಯೆಗೆ ಚೊಳಚಗುಡ್ಡಕ್ಕೆ ಹೋಗಿ ಬನಶಂಕರಿಗೆ ಉಡಿ ತುಂಬಿ ಬಂದದ್ದು, ಶಿವಯೋಗ ಮಂದಿರದಲ್ಲಿ ಪ್ರಸಾದ ಮಾಡಿ ಹೊಳೆ ದಂಡೆಯಲ್ಲಿ ಕುಳಿತದ್ದು, ಪಟ್ಟದಕಲ್ಲಿನಲ್ಲಿ ಕಾರಿನ ಸುತ್ತ ಜನ ನೆರೆದದ್ದು. ಅತ್ತೆ ಎಲ್ಲಿ ಎಲೆಯಡಿಕೆ ಉಗುಳಿದರು ಎನ್ನುವವರೆಗೆ ಹೇಳುವಳು. ನಾನು ಬಾದಾಮಿಗೆ ಹೋದದ್ದೆಂದರೆ ಬಸ್ಸಿನಲ್ಲಿ, ಯಾರದೋ ಕೋಳಿ ಬುಟ್ಟಿಯ ಪಕ್ಕ ನಿಂತು. ಊರವರ ಗಾಡಿಗಳನ್ನೆಲ್ಲ ರಿಪೇರಿ ಮಾಡುವ ಗಂಡನಿಗೆ ಸ್ವಂತದ್ದೊಂದು ಗಾಡಿಯಿಲ್ಲ. ಅವಳು ಪ್ಲಾಸ್ಟಿಕ್ ಹೊದಿಕೆಯ ಮೇಲೆ ಬೆರಳಾಡಿಸುತ್ತ ಮಾತಾಡುವಾಗ ಆ ಬೆರಳು ಚಿವುಟಬೇಕೆನ್ನಿಸುತ್ತಿತ್ತು. ಒಂದು ಸಲ ಕೇಳಿಯೂ ಬಿಟ್ಟೆ, "ಬನಶಂಕರಿಗೆ ಹೋಗ್ತಾ ಇತ್ತಾಗ ಬಂದ್ರ ನಿನ್ನ ಗಾಡಿ ಸವಿತದೇನ?" ಅವಳು ಕಿಟಕಿಯಾಚೆ ನೋಡಿ, "ನಮ್ಮತ್ತಿಯವ್ರಿಗೆ ವ್ಯಾಳ್ಯಾ ಇರಂಗಿಲ್ಲಕ್ಕಾ" ಎಂದಳು. ದೊಡ್ಡಸ್ತಿಕೆ ಬಂದಿದೆ ಇವಳಿಗೆ ಎಂದುಕೊಂಡೆ.

ಹಾಗೆಂದು ಅವಳು ಬರುವುದು ತಡವಾದರೆ ಒಂದೆಡೆ ಕುಳಿತಿರಲು ಆಗುತ್ತಿರಲಿಲ್ಲ. ಹಾರ್ನು ಕೇಳಿದರೆ ಒಲೆಯ ಮೇಲಿನ ರೊಟ್ಟಿ ಬಿಟ್ಟು ಓಡುತ್ತಿದ್ದೆ. ಪಂಚಮಿಗೆ ಹುನಗುಂದದಲ್ಲಿ ಸಿಗುತ್ತಿದ್ದೆವು ನಿಜ, ಆದರೆ ಅಲ್ಲಿ ಮನೆ ತುಂಬ ಜನ. ಇಳಕಲ್ಲಿಗೆ ನಾನೇ ಹೋದರೆ ಅವಳ ಅತ್ತೆ ಪಡಸಾಲೆಯಲ್ಲಿ ಕೂರಿಸಿಕೊಂಡು ತಮ್ಮ ಮಂಡಿನೋವು ಹೇಳುವರು, ತಂಗಿ ಚಹಾ ಕೊಟ್ಟು ಒಳಗೆ ಹೋಗಿಬಿಡುವಳು. ಇಬ್ಬರೇ ಮಗ್ಗುಲಲ್ಲಿ ಕೂರುತ್ತಿದ್ದದ್ದು ಆ ಕಾರಿನಲ್ಲಿ ಮಾತ್ರ.

ನಮ್ಮವರಿಗೆ ಬೇರೆಯದೇ ಚಿಂತೆ ಹತ್ತಿತ್ತು. ಅಷ್ಟು ಕಷ್ಟಪಟ್ಟು ಹೊಂದಿಸಿದರೂ ಟೈರು ಸವೆಯುವುದು ನಿಲ್ಲಲಿಲ್ಲ. ಬಲಗಡೆಯದು ಸ್ವಲ್ಪ ಸುಧಾರಿಸಿತು, ಎಡಗಡೆಯ ಮುಂದಿನದು ಮಾತ್ರ ಒಳಗೆ ಬೋಳಾಗಿಯೇ ಬರುತ್ತಿತ್ತು. ಗಾಲಿಯ ತೋಳಿನ ಹಿಂದೆ ತಗಡಿನ ಚೂರು ಕೊಟ್ಟು ನೋಡಿದರು, ತೆಗೆದು ನೋಡಿದರು. ಅಂಗಳ ಸಮವಿಲ್ಲವೇನೋ ಎಂದು ಪರಸಿಕಲ್ಲು ಕಿತ್ತು ಮತ್ತೆ ಹಾಸಿದರು. ಆ ಕೆನೆ ಬಣ್ಣದ ಕಾರು ಬಾಗಲಕೋಟೆಯಿಂದ ಇಳಕಲ್ಲಿನವರೆಗೆ ಕಣ್ಣಿಗೆ ಬೀಳದವರಿಲ್ಲ. ಅದರ ಗಾಲಿ ಇವರ ಕೈಗೆ ಬಗ್ಗಲಿಲ್ಲವೆಂದರೆ ಟ್ಯಾಕ್ಸಿಯವರು ಸುಮ್ಮನಿರುತ್ತಾರೆಯೇ? ಆಗಲೇ ಒಂದಿಬ್ಬರು ಕೇಳಿ ನಕ್ಕಿದ್ದರು.

ಕೊನೆಗೆ ತಂಗಿಯ ಗಂಡ ಹೇಳಿಯೇ ಬಿಟ್ಟ. "ಅಣ್ಣಾರ, ಹುಬ್ಬಳ್ಳ್ಯಾಗ ಗಾಲಿ ಹೊಂದಿಸೋ ಮಷಿನ್ ಬಂದೈತಂತ. ಇದೊಂದ ಸಲ ನೋಡ್ರಿ. ಆಗ್ಲಿಲ್ಲಂದ್ರ ಅಲ್ಲಿಗೇ ಒಯ್ತೇನಿ. ಸಿಟ್ಟಾಗಬ್ಯಾಡ್ರಿ."

ನಮ್ಮವರು ಸಿಟ್ಟಾಗಲಿಲ್ಲ. ಸವೆದ ಟೈರನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಎಡಕ್ಕ ಮುಂದ ಯಾರಾರ ಕುಂತಂಗ ಐತಿ," ಎಂದು ತಮ್ಮಷ್ಟಕ್ಕೆ ಅಂದುಕೊಂಡು ಷಡ್ಡಕನನ್ನು ಶೆಡ್ಡಿನೊಳಗೆ ಕರೆದೊಯ್ದು ಹಳೆಯ ಟೈರುಗಳನ್ನೆಲ್ಲ ಎಳೆದು ತೋರಿಸತೊಡಗಿದರು. ನಾವಿಬ್ಬರೂ ಕಾರಿನಲ್ಲೇ ಕುಳಿತಿದ್ದೆವು. ಅವರ ಮಾತು ನನ್ನ ಕಿವಿಯಲ್ಲಿ ಉಳಿಯಿತು.

ಪರರ ವಸ್ತುವನ್ನು ಹೊಟ್ಟೆಕಿಚ್ಚಿನಿಂದ ನೋಡಿದಷ್ಟು ಸೂಕ್ಷ್ಮವಾಗಿ ಪ್ರೀತಿಯಿಂದ ಯಾರೂ ನೋಡುವುದಿಲ್ಲ. ಆ ಕಾರಿನ ಒಳಗಿನ ಒಂದೊಂದು ಹೊಲಿಗೆಯೂ ನನಗೆ ಗೊತ್ತಿತ್ತು. ಮುಂದಿನ ಎಡ ಸೀಟಿನ ಪ್ಲಾಸ್ಟಿಕ್ಕು ಎಂದೋ ಹರಿದು, ಅದಕ್ಕೆ ಬಟ್ಟೆ ಹಚ್ಚಿ, ಆ ಬಟ್ಟೆಯೂ ತಗ್ಗು ಬಿದ್ದಿತ್ತು. ಬಾಗಿಲ ಸಂದಿಯಲ್ಲಿ ಎಲೆಯಡಿಕೆಯ ಕೆಂಪು. ನಾವು ಕುಳಿತಿದ್ದ ಹಿಂದಿನ ಸೀಟು ಪುಣೆಯಿಂದ ಬಂದ ದಿನ ಹೇಗಿತ್ತೋ ಹಾಗೇ ಇತ್ತು. ಇಷ್ಟು ತಿರುಗಾಡುವವಳ ಸೀಟು ಇದು? ನನಗೆ ಒಳಗೊಳಗೆ ಖುಷಿಯಾಯಿತು. ಅತ್ತೆ ಇವಳನ್ನು ಹಿಂದೆ ತಳ್ಳಿ ತಾನು ಮುಂದೆ ಕೂರುತ್ತಾಳೆ, ಇದನ್ನು ಇವಳು ಮುಚ್ಚಿಟ್ಟಿದ್ದಾಳೆ ಎಂದುಕೊಂಡೆ. ಚುಚ್ಚಲೆಂದೇ ಕೇಳಿದೆ.

"ಮುಂದಿನ ಸೀಟಿನ್ಯಾಗ ಯಾರ ಕುಂಡ್ರತಾರ, ಖರೇ ಹೇಳು."

ಅವಳು ಶೆಡ್ಡಿನ ಕಡೆ ನೋಡಿದಳು.

"ನಿಮ್ಮತ್ತಿ ಹೌದಲ್ಲೋ? ನೀ ಹಿಂದ ಒಬ್ಬಾಕಿ ಕುಂಡ್ರತಿ."

"ಅತ್ತಿ ಮುಂದ ಕುಂಡ್ರತಾರ," ಎಂದಳು. "ಹಿಂದ ಯಾರೂ ಕುಂಡ್ರಂಗಿಲ್ಲ."

"ಮತ್ತ ನೀ?"

"ನಾ ಮನ್ಯಾಗ ಇರ್ತೇನಿ."

ನನಗೆ ಅರ್ಥವಾಗಲಿಲ್ಲ. ಬನಶಂಕರಿ, ಶಿವಯೋಗ ಮಂದಿರ, ಪಟ್ಟದಕಲ್ಲು ಎಲ್ಲ ಹೋದದ್ದು ಯಾರು ಎಂದು ಕೇಳಿದೆ. ತಾಯಿ ಮಗ ಹೋಗುತ್ತಾರೆ, ಬಂದ ಮೇಲೆ ಅತ್ತೆ ಅಡುಗೆಮನೆಯಲ್ಲಿ ಕುಳಿತು ಹೇಳುತ್ತಾರೆ, ನಾನು ರೊಟ್ಟಿ ಬಡಿಯುತ್ತ ಕೇಳುತ್ತೇನೆ ಎಂದಳು. ಮನೆ ಬಿಟ್ಟು ಎಲ್ಲರೂ ಹೋದರೆ ನೇಕಾರರು ಬಂದಾಗ ಸೀರೆ ಇಳಿಸಿಕೊಳ್ಳುವವರು ಯಾರು ಎನ್ನುತ್ತಾರಂತೆ.

"ಬಸ್ಸಿನ್ಯಾಗರೇ ಬರಬೇಕಿಲ್ಲ?"

"ಕಾರಿದ್ದ ಮನಿ ಸೊಸಿ ಬಸ್ಸಿಗೆ ನಿಂತ್ರ ಮಂದಿ ಏನಂದಾರು ಅಂತಾರ. ಕಾರ್ ಬರೂಕಿಂತ ಮೊದ್ಲ ಎಷ್ಟ ಸಲ ಬಂದಿದ್ದೆ, ನೆನಪಿಲ್ಲೇನು?"

ನೆನಪಿತ್ತು. ಸೈಕಲ್ಲಿನ ಕಾಲದಲ್ಲಿ ಅವಳು ಮನಸ್ಸಾದಾಗ ಬಸ್ಸು ಹತ್ತಿ ಬರುತ್ತಿದ್ದಳು.

"ಅಲ್ಲಾ ಹುಚ್ಚಿ, ನಿಮ್ಮ ಮಾಮಾನ ಹೆಸರು ಹೊಂಟೈತಿ. ಮೊದಲ ಸಲಾನೇ ಖರೇ ಹೇಳಬಾರದಿತ್ತೇನ?"

ಅವಳು ಆಗ ನನ್ನ ಕಡೆ ತಿರುಗಿದಳು. "ನಾ ಕಾರಿನ್ಯಾಗ ಕುಂಡ್ರಂಗಿಲ್ಲ ಅಂದಿದ್ರ ನನ್ನ ಇಲ್ಲಿಗೆ ಕರಕೊಂಡ ಬರ್ತಿದ್ರೇನಕ್ಕಾ?"

ನಾನು ಆ ಪ್ಲಾಸ್ಟಿಕ್ಕಿನ ಮೇಲೆ ಕುಳಿತು ಎಷ್ಟು ವರ್ಷ ಸುಟ್ಟುಕೊಂಡಿದ್ದೆ. ಸುಳ್ಳು ಹೇಳಿದ್ದಕ್ಕೆ ಅವಳ ಮೇಲೆ ಸಿಟ್ಟು ಬಂತು, ಅಷ್ಟು ಹೊಟ್ಟೆಕಿಚ್ಚು ಖಾಲಿ ಸೀಟಿನ ಮೇಲೆ ಪೋಲಾಯಿತಲ್ಲ ಎಂದು ನನ್ನ ಮೇಲೂ ಬಂತು. "ಮಾಮಾಗ ಹೇಳಿಬಿಡು," ಎಂದು ಅವಳೇ ಅಂದಳು. "ಹೆಂಗೂ ಗಾಡಿ ಹುಬ್ಬಳ್ಳಿಗೆ ಹೋದ್ರೂ ನಾ ಬರಂಗಿಲ್ಲ. ಅವ್ರ ಹೆಸರಾದ್ರೂ ಉಳೀಲಿ."

ಊಟಕ್ಕೆ ಬಂದಾಗ ನಮ್ಮವರಿಗೆ ಹೇಳಿದೆ. ಅವರು ತುತ್ತು ಕೈಯಲ್ಲೇ ಹಿಡಿದು ಕೇಳಿದರು. ತಂಗಿಯ ಗಂಡನ ಮುಂದೆ ಅವಳನ್ನು ಸುಳ್ಳಿ ಮಾಡಬೇಡಿ ಎಂದೆ. "ಇಲ್ಲ," ಎಂದರು. ಊಟವಾದ ಮೇಲೆ ಅವನಿಗೆ, "ಸಾವ್ಕಾರ್ರ, ನಿಮ್ಮ ಅವ್ವಾರನ್ನೂ ಕರಕೊಂಡ ಬರ್ರಿ. ಚೀಲದ ಭಾರಕ್ಕೂ ಮನಶ್ಯಾನ ಭಾರಕ್ಕೂ ಫರಕ ಇರ್ತೈತಿ," ಎಂದಷ್ಟೇ ಹೇಳಿದರು.

ತಮ್ಮನ ಮನೆಯಿಂದ ಆ ಹೆಂಗಸು ಬಂದರು. ಬಂದವರು ಯಾರನ್ನೂ ಕೇಳದೆ ಮುಂದಿನ ಬಾಗಿಲು ತೆರೆದು ತಮ್ಮ ತಗ್ಗಿನಲ್ಲಿ ಕುಳಿತರು. ಎಡಗಡೆಯ ಮುಂದಿನ ಗಾಲಿ ತಲೆ ಇನ್ನಷ್ಟು ಒಳಕ್ಕೆ ವಾಲಿಸಿದ್ದು ನನಗೂ ಕಂಡಿತು. ತಂಗಿ ಹಿಂದಿನ ಸೀಟಿನಲ್ಲಿ ಉಡಿಯಲ್ಲಿ ಕೈ ಇಟ್ಟುಕೊಂಡು ಕುಳಿತಿದ್ದಳು. ನಮ್ಮವರು ಕಿಟಕಿಗೆ ಬಗ್ಗಿ ಬಹಳ ಮೆತ್ತಗೆ ಹೇಳಿದರು.

"ತಂಗಿ, ನೀ ಇಳಿಯವಾ."

ಅವಳು ಇಳಿದಳು. ಕೆಂಪು ಸೆರಗು ಬಾಗಿಲ ಚಿಲಕಕ್ಕೆ ಸಿಕ್ಕಿತು, ಬಿಡಿಸಿಕೊಂಡು ಹೋಗಿ ಬೇವಿನ ಗಿಡದ ಕೆಳಗೆ ನಿಂತಳು. ನಾನೂ ಇಳಿದು ಜೋಳದ ಚೀಲ ಇಳಿಸಿದೆ. ಅವಳ ಗಂಡ ಯಾಕೆ ಎಂದೂ ಕೇಳಲಿಲ್ಲ. ಹಿಂದಿನ ಸೀಟು ಖಾಲಿಯಾದದ್ದು ಅವನಿಗೆ ಹೊಸದಾಗಿರಲಿಲ್ಲ.

ನೂಲಿನ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟರು. ಹಿಂದಿನ ಗಾಲಿಯ ಬಳಿ ಹಿಡಿದು ಕುಳಿತೆ. ಅವರು ತಗಡಿನ ಚೂರು ಬದಲಿಸಿದರು, ರಾಡು ತಿರುಗಿಸಿದರು, ಅಳೆದರು, ಮತ್ತೆ ಸ್ವಲ್ಪ ತಿರುಗಿಸಿದರು. ಅವರ ಮುಖ ನೋಡಿದರೇ ತಿಳಿಯುತ್ತಿತ್ತು, ಈ ಸಲ ಗಾಲಿ ಸರಿಯಾಗಿ ಕುಳಿತಿತು. ನಟ್ಟು ಬಿಗಿಯಲು ಪಾನಾ ಎತ್ತಿಕೊಂಡು ಕೆಳಗೆ ತೂರಿದಾಗ ನಾನು ನೂಲು ಬಿಟ್ಟು ಅವರ ತಲೆಯ ಬಳಿ ಹೋಗಿ ಕುಕ್ಕರಿಸಿದೆ.

"ಏನ್ರಿ, ಚೂರು ಓರಿ ಬಿಡ್ರಿ," ಎಂದೆ.

"ಏನು?"

"ಗಾಲಿ. ಭಾಳ ಬ್ಯಾಡ. ವರ್ಷದಾಗ ಒಮ್ಮೆರೇ ಬರುವಂಗ."

ಕಾರಿನ ಕೆಳಗಿನ ನೆರಳಿನಲ್ಲಿ ಅವರ ಕಣ್ಣು ಮಾತ್ರ ಕಾಣುತ್ತಿದ್ದವು. ಸಿಟ್ಟು ಮಾಡುತ್ತಾರೆಂದುಕೊಂಡೆ, ಮಾಡಲಿಲ್ಲ.

"ಓರಿ ಬಿಟ್ರೂ ಇನ್ನ ಭಾರಕ್ಕ ಬರೂದು ಅವ್ರವ್ವ," ಎಂದರು. "ನಿನ್ನ ತಂಗಿ ಅಲ್ಲ. ಹೋಗು, ನೂಲ ಹಿಡಿ."

ಹೋಗಿ ಹಿಡಿದೆ. ಅವರು ಬಿಗಿದರು. ಸಂಜೆ ತಂಗಿ ಹಿಂದಿನ ಸೀಟಿನಲ್ಲಿ ಕುಳಿತು ಹೋದಳು, ಅತ್ತೆಯ ತಲೆಯ ಹಿಂದೆ ಅವಳ ಮುಖ ಸರಿಯಾಗಿ ಕಾಣಲಿಲ್ಲ.

ಮರುವರ್ಷ ಬೇಸಗೆ ಮುಗಿಯುವ ಹೊತ್ತಿಗೆ ಕಾರು ಬಂತು, ಬೇರೇನೋ ಸಣ್ಣ ಕೆಲಸಕ್ಕೆ. ಹಾರ್ನಿಗೆ ನಾನು ಓಡಿಹೋಗಿ ನೋಡಿದರೆ ಮುಂದೆ ತಾಯಿ ಮಗ. ಟ್ಯಾಕ್ಸಿಯವರು ಸುತ್ತ ನೆರೆದು ಟೈರಿನ ಮೇಲೆ ಅಂಗೈ ಆಡಿಸಿದರು. ಒಳಗೂ ಹೊರಗೂ ಒಂದೇ ಸಮ ಸವೆದಿತ್ತು. ಹುಬ್ಬಳ್ಳಿಯ ಮಷಿನ್ನು ಯಾಕೆ ಬೇಕು ಎಂದು ಒಬ್ಬ ಅಂದ. ನಮ್ಮವರು ಕೈ ಒರೆಸಿಕೊಳ್ಳುತ್ತ ನಿಂತಿದ್ದರು. ಅವರ ಆ ಹೆಸರಿನ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು.

ಚಹಾ ಕೊಡುತ್ತ ತಂಗಿಯ ಗಂಡನನ್ನು ಕೇಳಿದೆ. "ಆಕೀನ್ನೂ ಕರಕೊಂಡ ಬರಬೇಕಿತ್ತು. ಹಿಂದ ಸೀಟ್ ಖಾಲಿ ಐತಲ್ಲ."

"ಖಾಲಿನೇ ಇರಬೇಕ್ರಿ ಅಕ್ಕಾರ," ಎಂದ ಅವನು, ಬಹಳ ವಿಶ್ವಾಸದಿಂದ. "ಅಣ್ಣಾರು ಖಾಲಿ ಇಟ್ಟೇ ಗಾಲಿ ಹೊಂದಿಸ್ಯಾರಲ್ಲ. ಹಿಂದ ಭಾರ ಬಿದ್ರ ಟೈರ್ ಸವಿತಾವ. ಆಕೀಗೂ ಹಂಗ ತಿಳಿಸಿ ಹೇಳೇನಿ. ಶ್ಯಾಣ್ಯಾಳು, ತಿಳಕೊಂಡಾಳ."

ಹಾಗೇನಿಲ್ಲ, ಒಬ್ಬರು ಕೂತರೆ ಏನೂ ಆಗುವುದಿಲ್ಲ ಎಂದು ನಮ್ಮವರು ಹೇಳಿದರು, ಒಮ್ಮೆ ಅಲ್ಲ, ಹತ್ತು ಸಲ ಹೇಳಿದರು. ಅವನು ನಗುತ್ತಲೇ ಇದ್ದ. "ಸುಮ್ನ ಯಾಕ ಬೇಕ್ರಿ ಅಣ್ಣಾರ, ಗಾಲಿ ಇಷ್ಟ ಚಂದ ಕೂಡ್ಯಾವ."